ನಲವತ್ತೈದನೆಯ ತಿದ್ದುಪಡಿ

"ಹೆಣಿಗೆ ಕಡ್ಡಿ ಒಳಗೆ ಬಿಡೋ ಹಾಗಿಲ್ಲಮ್ಮ," ಎಂದು ಸಂಸತ್ ಭವನದ ಬಾಗಿಲ ಕಾವಲಿನವನು ಎರಡನೇ ಸಲ ಹೇಳಿದ.

ಎಲ್ಸ್‌ಪೆತ್ ಪಿರಿ ಅರ್ಧ ಹೆಣೆದ ಕಾಲುಚೀಲವನ್ನು ಕಡ್ಡಿಸಮೇತ ಎದೆಗೆ ಒತ್ತಿ ಹಿಡಿದಳು. "ಇದ್ರಲ್ಲಿ ನಾನು ಯಾರನ್ನಪ್ಪ ಚುಚ್ಚಲಿ? ಮಂತ್ರಿಗಳನ್ನಾ?"

"ಚುಚ್ಚಿಸ್ಕೋಬೇಕಾದೋರು ಒಂದಿಬ್ಬರು ಇದಾರೆ, ಇಲ್ಲ ಅನ್ನಲ್ಲ. ಆದ್ರೂ ನಿಯಮ ನಿಯಮವೇ."

ಅಷ್ಟರಲ್ಲಿ ಅವಳ ಊರಿನ ಸಂಸದ ಆಲೆಕ್ ಸ್ಮಿತ್ ಮೆಟ್ಟಿಲಿಳಿದು ಬಂದ. ಅರವತ್ತನಾಲ್ಕರ ಆಳು, ಭಾರದ ಮೈ, ಮಂಡಿ ನೋವಿನಿಂದ ಒಂದೊಂದೇ ಮೆಟ್ಟಿಲನ್ನು ಓರೆಯಾಗಿ ಇಳಿಯುತ್ತಿದ್ದ. "ಕೊಟ್ಬಿಡು ಎಲ್ಸಿ. ಹೋಗುವಾಗ ಕೊಡ್ತಾರೆ."

"ಕೈಲಿ ಏನೂ ಇಲ್ದೆ ಮೂರು ಗಂಟೆ ಹೆಂಗಯ್ಯ ಕೂತ್ಕೊಳ್ಳೋದು?"

"ನಾನು ಹದಿನೆಂಟು ವರ್ಷದಿಂದ ಹಂಗೇ ಕೂತಿಲ್ವಾ?"

ಕಾವಲಿನವನು ನಕ್ಕ. ಎಲ್ಸ್‌ಪೆತ್ ನಗಲಿಲ್ಲ. ಆದರೆ ಕಡ್ಡಿಗಳನ್ನು ಕೊಟ್ಟಳು.

ಅವಳು ಬೆಳಗಿನ ಜಾವಕ್ಕೇ ಕಡಲ ದಂಡೆಯ ತನ್ನ ಊರು ಸ್ಕಾರ್‌ನೆಸ್ ಬಿಟ್ಟಿದ್ದಳು. ಮೊದಲು ಬಸ್ಸು, ಆಮೇಲೆ ರೈಲು, ಅಬರ್ಡೀನಿನಲ್ಲಿ ಇನ್ನೊಂದು ರೈಲು. ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಮೂವತ್ತು ವರ್ಷ ಮೀನು ಹಸನು ಮಾಡಿದ ಕೈಗಳು ಕೋಟಿನ ತೋಳಿನಿಂದ ಹೊರಗೆ ಕೆಂಪಗೆ ಕಾಣುತ್ತಿದ್ದವು. ಆಲೆಕ್ ಅವಳನ್ನು ಮೇಲಿನ ಪ್ರೇಕ್ಷಕರ ಸಾಲಿಗೆ ಕರೆದೊಯ್ದು ಕೂರಿಸಿ, ತಿದ್ದುಪಡಿಗಳ ಪಟ್ಟಿಯೊಂದನ್ನು ಕೊಟ್ಟ. ನಲವತ್ತೈದನೆಯ ಅಂಕಿಯ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಿದ್ದ.

"ಇಷ್ಟುದ್ದ ಇದೆಯಲ್ಲೋ!"

"ಮಸೂದೆಗೆ ಇವತ್ತೇ ಕೊನೇ ದಿನ, ಅದಕ್ಕೇ. ನಾಳೆಯಿಂದ ಸಂಸತ್ತೇ ಇರಲ್ಲ, ಚುನಾವಣೆ. ನೋಡು, ಇಲ್ಲಿ ಹೇಗೆ ಅಂದ್ರೆ, ಮಾತು ಮೊದಲು, ಕೆಲಸ ಆಮೇಲೆ. ನನ್ನ ತಿದ್ದುಪಡಿ ಮೇಲೆ ಮಾತು ಈಗಲೇ ಬರುತ್ತೆ. ಆದ್ರೆ ಅದು ಮಸೂದೇಲಿ ಕೂರೋ ಜಾಗ ಬರೋವಾಗ ನಾಲ್ಕು ಗಂಟೆ ದಾಟುತ್ತೆ. ಆಗ ಅಧ್ಯಕ್ಷೆ ನಂಬರು ಕೂಗ್ತಾರೆ. ನಾನು 'ಮಂಡಿಸಿದೆ' ಅನ್ನಬೇಕು. ಅಂದ್ರೆ ಮತಕ್ಕೆ ಹೋಗುತ್ತೆ. ಮಂತ್ರಿಗಳು ಒಪ್ಪಿದಾರೆ, ಗೆಲ್ಲುತ್ತೆ."

"ಒಂದೇ ಮಾತಾ?"

"ಒಂದೇ ಮಾತು."

"ಎಂಟು ವರ್ಷಕ್ಕೆ ಒಂದು ಮಾತು," ಎಂದಳು ಎಲ್ಸ್‌ಪೆತ್. ಪಟ್ಟಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

ಅವಳ ಮಗ ಡ್ರೂ ಸತ್ತು ಎಂಟು ವರ್ಷವಾಗಿತ್ತು. ಸತ್ತಾಗ ಅವನಿಗೆ ಇಪ್ಪತ್ತಮೂರು. ಬಲೆ ಎಳೆಯುವ ಯಂತ್ರದ ಹಗ್ಗ ಅವನನ್ನು ಸುತ್ತಿಕೊಂಡು ಉರುಳೆಯೊಳಗೆ ಎಳೆದಿತ್ತು. ಆಗ ಯಂತ್ರದ ಹಿಡಿಕೆಯ ಹತ್ತಿರ ನಿಂತಿದ್ದವನು ದೋಣಿಯ ಯಜಮಾನ ನಾರ್ಮನ್ ಮೇರ್. ಯಂತ್ರ ಕೆಟ್ಟಿತ್ತೋ, ಅವನು ಹಿಡಿಕೆಯನ್ನು ತಪ್ಪು ದಿಕ್ಕಿಗೆ ಎಳೆದನೋ, ಅವನು ಒಂದು ಗಳಿಗೆ ಬೇರೆ ಕಡೆ ನೋಡುತ್ತಿದ್ದನೋ, ಯಾರಿಗೂ ಗೊತ್ತಿಲ್ಲ. ಕೆಲಸದ ಮೇಲೆ ಸತ್ತವರ ಬಗ್ಗೆ ನ್ಯಾಯಾಧೀಶರ ಮುಂದೆ ವಿಚಾರಣೆ ಆಗಲೇಬೇಕೆಂದು ಕಾನೂನು ಹೇಳುತ್ತದೆ. ಯಾವಾಗ ಆಗಬೇಕೆಂದು ಹೇಳುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳುವವರೆಗೆ ಯಾರ ಹತ್ತಿರವೂ ಬಾಯಿ ಬಿಡಕೂಡದೆಂದು ನಾರ್ಮನ್‌ಗೆ ಅವನ ವಕೀಲರು ಹೇಳಿದ್ದರು. ಅವನು ಬಾಯಿ ಬಿಟ್ಟಿರಲಿಲ್ಲ.

ನಾರ್ಮನ್ ಮನೆ ಎಲ್ಸ್‌ಪೆತ್ ಮನೆಯಿಂದ ಮೂರನೆಯದು. ಅವಳು ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಆದರೆ ದೋಣಿ ದಡಕ್ಕೆ ಬಂದ ಮಾರನೇ ಬೆಳಿಗ್ಗೆ ಅವಳ ಬಾಗಿಲ ಹಿಡಿಗೆ ಒಂದು ಚೀಲ ಹ್ಯಾಡಕ್ ಮೀನು ನೇತಾಡುತ್ತಿರುತ್ತಿತ್ತು, ಕಡಲಿಗೆ ಹೋಗುವ ಗಂಡಸಿಲ್ಲದ ಮನೆಗೆ ಆ ಊರಿನಲ್ಲಿ ಮೊದಲಿನಿಂದಲೂ ಕೊಡುವ ಹಾಗೆ. ಅವಳು ಅದನ್ನು ಬೇಯಿಸಿ ತಿನ್ನುತ್ತಿದ್ದಳು. ಮೊದಮೊದಲು ಗಂಡ ಜೇಕ್ ಬೈದಿದ್ದ. "ಮೀನು ಏನು ಮಾಡಿತ್ತು?" ಎಂದಿದ್ದಳು. ನಾಲ್ಕು ವರ್ಷದ ಹಿಂದೆ ಜೇಕ್ ಆಸ್ಪತ್ರೆಯಲ್ಲಿ ತೀರಿಹೋದ. ಹೋಗುವ ಹಿಂದಿನ ದಿನ ಅಂಚೆ ಬಂತಾ, ವಿಚಾರಣೆಗೆ ತಾರೀಕು ಕೊಟ್ಟರಾ ಎಂದು ಕೇಳಿದ್ದ.

ಆಲೆಕನ ತಿದ್ದುಪಡಿ ಇಷ್ಟೇ: ಸಾವಾದ ಎರಡು ವರ್ಷದೊಳಗೆ ವಿಚಾರಣೆ ಶುರುವಾಗಬೇಕು, ಈಗಾಗಲೇ ಬಾಕಿ ಇರುವವು ಆರು ತಿಂಗಳೊಳಗೆ. ಅಂದರೆ ಈ ಸೆಪ್ಟೆಂಬರಿನ ಒಳಗೆ ನಾರ್ಮನ್ ಕಟಕಟೆಯಲ್ಲಿ ನಿಂತು ಬಾಯಿ ಬಿಡಬೇಕಾಗುತ್ತಿತ್ತು. ಇದರ ಜೊತೆಗೆ ಆಲೆಕ್ ಇನ್ನೂ ನಾಲ್ಕು ತಿದ್ದುಪಡಿ ಕೊಟ್ಟಿದ್ದ. ಆ ನಾಲ್ಕನ್ನು ಬಿಟ್ಟುಕೊಟ್ಟರೆ ಈ ಒಂದನ್ನು ಒಪ್ಪುತ್ತೇನೆಂದು ಮಂತ್ರಿ ಕೀತ್ ಲಾಡರ್ ಹೋದ ವಾರ ಹೇಳಿದ್ದ. ಆಲೆಕ್ ಮೀನು ಪೇಟೆಯಲ್ಲಿ ಇಪ್ಪತ್ತು ವರ್ಷ ಹರಾಜು ಕೂಗಿದವನು. ಒಳ್ಳೆ ಬೆಲೆ ಬಂದಾಗ ಕೊಟ್ಟುಬಿಡಬೇಕೆಂದು ಬಲ್ಲವನು. ಕೈ ಕುಲುಕಿದ್ದ.

ಎರಡೂ ಮುಕ್ಕಾಲಿಗೆ ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ಡ್ರೂ ಹೆಸರು ಹೇಳಿದ, ಜೇಕ್ ಕೇಳಿದ ಕೊನೆಯ ಪ್ರಶ್ನೆಯನ್ನು ಹೇಳಿದ, ನಾರ್ಮನ್ ಹೆಸರು ಹೇಳಲಿಲ್ಲ. ಲಾಡರ್ ಎದ್ದು, ಸರ್ಕಾರ ನಲವತ್ತೈದನ್ನು ಬೆಂಬಲಿಸುತ್ತದೆ ಎಂದಾಗ ಪ್ರೇಕ್ಷಕರ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಭಾಧ್ಯಕ್ಷೆ ತಲೆಯೆತ್ತಿ ನೋಡಿದ ಮೇಲೆ ನಿಲ್ಲಿಸಿದರು. ಆಲೆಕ್ ಮೇಲೆ ನೋಡಿದ. ಎಲ್ಸ್‌ಪೆತ್ ಚಪ್ಪಾಳೆ ತಟ್ಟಿರಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು, ಚರ್ಚಿನಲ್ಲಿ ಕೀರ್ತನೆಯ ಪುಟ ತಪ್ಪಬಾರದೆಂದು ಇಟ್ಟುಕೊಂಡಂತೆ.

ಆಮೇಲೆ ಬೇರೆಯವರ ಮಾತು, ಬೇರೆಯವರ ತಿದ್ದುಪಡಿ, ಮತಕ್ಕೆ ಹಾಕುವುದು, ಮೂವತ್ತು ಸೆಕೆಂಡು, ಗುಂಡಿ ಒತ್ತುವುದು. ಹೊತ್ತು ಹೋಗುತ್ತ ಹೋಗುತ್ತ ಸಭೆ ಸಡಿಲವಾಯಿತು. ಕೊನೆಯ ದಿನ, ಅರ್ಧ ಜನ ಮತ್ತೆ ಬರುವುದು ಅನುಮಾನ, ಹತ್ತಾರು ಜನ ತಾವಾಗಿಯೇ ಬಿಡುವವರು. ಆಲೆಕ್ ಕೂಡ ಮತ್ತೆ ನಿಲ್ಲುವುದಿಲ್ಲವೆಂದು ಹೇಳಿಯಾಗಿತ್ತು. ಪಕ್ಷದ ಸಚೇತಕಿ ರೋನಾ ಟಲ್ಲಕ್ ಸಾಲುಗಳ ನಡುವೆ ಬಗ್ಗಿ ಬಂದು ಅವನ ಮೇಜಿನ ಮೇಲೆ ಚೀಟಿಯೊಂದನ್ನಿಟ್ಟು ಹೋದಳು. ಅದರಲ್ಲಿ ಬರೆದಿತ್ತು: ಬಿಡುವವರೆಲ್ಲರ ಫೋಟೋ, ಮತ ಮುಗಿದ ಕೂಡಲೇ ಕೆಳಗಿನ ಮೊಗಸಾಲೆಯಲ್ಲಿ. ಟೈ ಸರಿ ಮಾಡಿಕೊಂಡು ಬಾ.

"ನಲವತ್ತೆರಡನೇ ತಿದ್ದುಪಡಿ, ಅಲೆಕ್ಸಾಂಡರ್ ಸ್ಮಿತ್ ಅವರದು," ಎಂದು ಸಭಾಧ್ಯಕ್ಷೆ ಓದಿದಳು. "ಮಂಡಿಸುತ್ತೀರೋ, ಇಲ್ಲವೋ?"

"ಮಂಡಿಸುವುದಿಲ್ಲ."

"ನಲವತ್ತಮೂರು?"

"ಮಂಡಿಸುವುದಿಲ್ಲ."

"ನಲವತ್ತನಾಲ್ಕು?"

"ಮಂಡಿಸುವುದಿಲ್ಲ."

"ನಲವತ್ತೈದು?"

"ಮಂಡಿಸುವುದಿಲ್ಲ," ಎಂದ ಆಲೆಕ್.

ಯಾಕೆ ಹಾಗೆಂದೆ ಎಂಬುದು ಆಮೇಲೆ ಅವನಿಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಚೀಟಿಯ ಕಡೆ ನೋಡಿದ್ದನೇ? ಇರಬಹುದು. ಒಂದೇ ಲಯದಲ್ಲಿ ಬರುವ ಪ್ರಶ್ನೆಗೆ ನಾಲಗೆ ತಾನೇ ಹಳೆಯ ಉತ್ತರ ಕೊಟ್ಟಿತೇ? ಅದೂ ಇರಬಹುದು. ಹೇಳಿದ್ದು ಮಾತ್ರ ಅವನ ಕಿವಿಗೂ ಬೇರೆ ಯಾರೋ ಹೇಳಿದಂತೆ ಕೇಳಿಸಿತು.

ಸಭಾಧ್ಯಕ್ಷೆ ಕಾಗದದಿಂದ ತಲೆಯೆತ್ತಿದಳು. ಒಬ್ಬರು ಬಿಟ್ಟ ತಿದ್ದುಪಡಿಯನ್ನು ಅಲ್ಲೇ, ಆ ಕ್ಷಣದಲ್ಲಿ, ಬೇರೆ ಯಾವ ಸದಸ್ಯರಾದರೂ ಎತ್ತಿಕೊಳ್ಳಬಹುದು. ಅವಳು ಒಂದು ಉಸಿರಿನಷ್ಟು ಹೊತ್ತು ಕಾದಳು. ಲಾಡರ್ ಹಿಂದಕ್ಕೆ ತಿರುಗಿ ತನ್ನ ಅಧಿಕಾರಿಯ ಜೊತೆ ಏನೋ ಪಿಸುಗುಡುತ್ತಿದ್ದ. ರೋನಾ ಬಾಗಿಲ ಹೊರಗಿದ್ದಳು. ಉಳಿದವರು ಫೋನು ನೋಡುತ್ತಿದ್ದರು.

"ನಲವತ್ತಾರು?"

ಆಲೆಕ್ ಎದ್ದು ನಿಂತಿದ್ದ. "ಅಧ್ಯಕ್ಷರೇ, ನಲವತ್ತೈದು... ಅದನ್ನ ಮಂಡಿಸಬೇಕಿತ್ತು. ಮಂಡಿಸ್ತೀನಿ. ನಾನು ತಪ್ಪಿ ಹೇಳಿದೆ."

ಈಗ ಎಲ್ಲ ತಲೆಗಳೂ ಎದ್ದವು. ಸಭಾಧ್ಯಕ್ಷೆ ಪಕ್ಕದ ಗುಮಾಸ್ತನ ಕಡೆ ವಾಲಿದಳು. ಅವನು ಪುಸ್ತಕ ತೆರೆದ, ತೆರೆಯುವುದು ಬೇಕಿರಲಿಲ್ಲ. ಅವಳು ಮೆಲ್ಲಗೆ ತಲೆಯಾಡಿಸಿ ನೇರವಾದಳು.

"ಸ್ಮಿತ್ ಅವರೇ, ನನಗೆ ಬಹಳ ವಿಷಾದವಿದೆ. ಕರೆದಾಯಿತು, ನೀವು ಮಂಡಿಸಲಿಲ್ಲ, ಬೇರೆಯವರೂ ಮಂಡಿಸಲಿಲ್ಲ, ಸಭೆ ಮುಂದಿನದಕ್ಕೆ ಹೋಗಿದೆ. ಹಿಂದಕ್ಕೆ ಹೋಗಲು ನಿಯಮದಲ್ಲಿ ದಾರಿಯಿಲ್ಲ. ಇವತ್ತು ನಿಮಗೊಬ್ಬರಿಗೆ ದಾರಿ ಮಾಡಿದರೆ ನಾಳೆ ಯಾವುದೂ ನಿಲ್ಲುವುದಿಲ್ಲ."

"ಅಧ್ಯಕ್ಷರೇ, ಒಬ್ಬ ತಾಯಿ ಮೇಲೆ ಕೂತಿದಾಳೆ."

"ಗೊತ್ತು," ಎಂದಳು ಸಭಾಧ್ಯಕ್ಷೆ. ದನಿ ತಗ್ಗಿತ್ತು. "ನಲವತ್ತಾರು. ಮಂಡಿಸುತ್ತೀರೋ, ಇಲ್ಲವೋ?"

ಅವನು ಕೂತ. ಮಂಡಿಸಲಿಲ್ಲವೆಂದು ಗುಮಾಸ್ತ ಬರೆದುಕೊಂಡ.

ವಿರಾಮ ಕೊಟ್ಟ ಕೂಡಲೇ ಅವನು ಲಾಡರನನ್ನು ಕಿಟಕಿಯ ಹತ್ತಿರ ಹಿಡಿದ. ಲಾಡರ್ ಇನ್ನೂ ಐವತ್ತು ದಾಟದವನು, ಕೆಟ್ಟವನಲ್ಲ.

"ಕೀತ್, ನಿನ್ನ ಕೈಲಿ ಏನಾದ್ರೂ ಆಗುತ್ತಾ? ಮುಂದಕ್ಕೆ ಹಾಕೋದು, ವಾಪಸ್ ಕಳಿಸೋದು, ಏನಾದ್ರೂ?"

"ಎಲ್ಲಿಗೆ ಹಾಕಲಿ ಆಲೆಕ್? ನಾಳೆಗಾ? ನಾಳೆ ಅನ್ನೋದೇ ಇಲ್ವಲ್ಲ. ಇವತ್ತು ಪಾಸಾಗದಿದ್ರೆ ಇಡೀ ಮಸೂದೆ ಬಿದ್ದುಹೋಗುತ್ತೆ." ಅವನು ಕನ್ನಡಕ ತೆಗೆದು ಕಣ್ಣುಜ್ಜಿದ. "ನಾನಾದ್ರೂ ತಿರುಗಿ ನೋಡಬೇಕಿತ್ತು. ಸಾಲದ್ದಕ್ಕೆ ಅದೇ ಗಳಿಗೇಲಿ... ಮುಂದಿನ ಸಂಸತ್ತಲ್ಲಿ ಯಾರಾದ್ರೂ ತರ್ತಾರೆ. ಕಾಗದ ಬರೆದಿಟ್ಟು ಹೋಗ್ತೀನಿ."

"ಯಾವಾಗ ಆಗುತ್ತೆ ಅದು?"

"ಬೇಗ ಅಂದ್ರೆ ಎರಡು ವರ್ಷ. ಸುಳ್ಳು ಯಾಕೆ ಹೇಳಲಿ, ಮೂರು ಅನ್ಕೋ."

ರೋನಾ ಬಂದಳು. ಅವಳು ಸುದ್ದಿ ಕೇಳಿಯೇ ಬಂದಿದ್ದಳು. ಆಲೆಕನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಆ ಹೆಂಗಸಿಗೆ ಏನು ಹೇಳ್ತೀಯ?"

"ಗೊತ್ತಿಲ್ಲ."

"ನಿಯಮ ಅಡ್ಡ ಬಂತು ಅನ್ನು. ಅದು ಸುಳ್ಳೇನಲ್ಲ. ಅಧ್ಯಕ್ಷೆ ಬಿಡಲಿಲ್ಲ, ಮಂತ್ರಿ ಮುಂದಕ್ಕೆ ಹಾಕಲಿಲ್ಲ. ಅದೂ ಸುಳ್ಳಲ್ಲ. ಮೇಲಿಂದ ನೋಡಿದೋರಿಗೆ ಕಂಡಿದ್ದೂ ಅಷ್ಟೇ. ನೀನು ಹದಿನೆಂಟು ವರ್ಷ ದುಡಿದಿದ್ದೀಯ ಮಾರಾಯ. ಕೊನೇ ದಿನ ಇದೊಂದನ್ನ ಹೆಗಲ ಮೇಲೆ ಹೊತ್ಕೊಂಡು ಊರಿಗೆ ಹೋಗ್ಬೇಡ. ಅಲ್ಲೇ ಸಾಯೋತನಕ ಬದುಕಬೇಕು ನೀನು."

ಅವಳು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಅದು ಕೆಲಸಕ್ಕೆ ಬರುವ ಮಾತು ಎಂಬುದೇ ಆಲೆಕನಿಗೆ ಹೆದರಿಕೆ ಹುಟ್ಟಿಸಿತು.

ಐದು ಗಂಟೆಗೆ ಇಡೀ ಮಸೂದೆ ಮತಕ್ಕೆ ಬಂತು. ಅದರಲ್ಲಿ ಬೇರೆ ಒಳ್ಳೆಯವೂ ಇದ್ದವು. ಆಲೆಕ್ ಹೌದು ಎಂಬ ಗುಂಡಿಯನ್ನೇ ಒತ್ತಿದ. ಒಬ್ಬರೂ ವಿರೋಧಿಸಲಿಲ್ಲ. ಸದಸ್ಯರು ಮೇಜು ಕುಟ್ಟಿದರು, ಕೆಲವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅವನು ಮೇಲೆ ನೋಡಿದ. ಎಲ್ಸ್‌ಪೆತ್ ಕೂತಿದ್ದ ಜಾಗ ಖಾಲಿಯಾಗಿತ್ತು.

ಅವಳು ಕೆಳಗಿನ ಮೊಗಸಾಲೆಯಲ್ಲಿ ಮೆಟ್ಟಿಲಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಕಾವಲಿನವನು ಅವಳ ಹೆಣಿಗೆಯನ್ನು ತಾನೇ ತಂದುಕೊಟ್ಟಿದ್ದ. ಅದು ಚೀಲದೊಳಗೇ ಇತ್ತು. ಎದುರಿಗೆ ಮೆಟ್ಟಿಲಿನ ಮೇಲೆ ಫೋಟೋಗೆ ಜನ ಸಾಲಾಗಿ ನಿಲ್ಲುತ್ತಿದ್ದರು. ಎತ್ತರದವರು ಹಿಂದೆ, ಗಿಡ್ಡನೆಯವರು ಮುಂದೆ. ಯಾರೋ ಯಾರದೋ ಬೊಜ್ಜಿನ ಬಗ್ಗೆ ಏನೋ ಅಂದು ಎಲ್ಲರೂ ನಕ್ಕರು.

ಆಲೆಕ್ ಬಂದು ಅವಳ ಪಕ್ಕದಲ್ಲಿ ಕೂತ.

"ಬೀಳಿಸಿದ್ರು, ಅಲ್ವಾ?" ಎಂದಳು ಅವಳು.

"ಬಿತ್ತು."

"ಆ ಅಧ್ಯಕ್ಷೆ ತಲೆಯಾಡಿಸಿದ್ದು ನೋಡಿದೆ. ನೀನು ಎದ್ದು ನಿಂತು ಬೇಡ್ಕೊಂಡೆ, ಅವಳು ಕಿವಿಗೇ ಹಾಕ್ಕೊಳ್ಳಲಿಲ್ಲ. ನಂಬರುಗಳು ಸರಸರ ಹೋಗಿಬಿಟ್ವು, ಮೇಲಕ್ಕೆ ನಿಮ್ಮ ಮಾತು ಅರ್ಧಂಬರ್ಧ ಕೇಳಿಸ್ತು, ನಂಗೆ ಏನೂ ತಿಳೀಲಿಲ್ಲ. ಯಾಕಂತೆ? ಮಂತ್ರಿ ಒಪ್ಕೊಂಡಿದ್ನಲ್ಲ, ನಮ್ಮ ಕಣ್ಣೆದುರಿಗೇ? ಮಾತು ತಿರುಗಿಸಿದ್ನಾ?"

ಫೋಟೋ ತೆಗೆಯುವವನು, "ಇನ್ನೊಬ್ಬರು ಬರಬೇಕಲ್ಲ?" ಎಂದ. "ಬಾರೋ ಆಲೆಕ್, ನಿನ್ನ ಮುಖ ಇಲ್ದಿದ್ರೆ ಫೋಟೋ ಚೆನ್ನಾಗಿ ಬಂದುಬಿಡುತ್ತೆ!" ಎಂದು ಯಾರೋ ಕೂಗಿದರು. ಆಲೆಕ್ ಬರುವುದಿಲ್ಲವೆಂದು ಕೈಯಾಡಿಸಿದ. ಆ ಕಡೆ ನೋಡಲಿಲ್ಲ.

"ಮಂತ್ರಿ ಮಾತು ತಿರುಗಿಸಲಿಲ್ಲ ಎಲ್ಸಿ," ಎಂದ. "ಅಧ್ಯಕ್ಷೆದೂ ತಪ್ಪಿಲ್ಲ. ತಪ್ಪು ನನ್ನದು. ನಲವತ್ತೈದು ಅಂತ ಕೂಗಿದ್ರು. ಮಂಡಿಸಿದೆ ಅನ್ನಬೇಕಿತ್ತು ನಾನು. ಮಂಡಿಸುವುದಿಲ್ಲ ಅಂದೆ. ಬಾಯಿ ತಪ್ಪಿತು. ತಪ್ಪಿದ್ದು ಗೊತ್ತಾಗೋ ಹೊತ್ತಿಗೆ ಮುಂದಿನ ನಂಬರು ಕೂಗಿಯಾಗಿತ್ತು."

ಎಲ್ಸ್‌ಪೆತ್ ಅವನ ಕಡೆ ತಿರುಗಲಿಲ್ಲ. ಎದುರಿನ ಮೆಟ್ಟಿಲನ್ನೇ ನೋಡುತ್ತಿದ್ದಳು. ಅಲ್ಲಿ ಫೋಟೋದವನು ಮೂರರವರೆಗೆ ಎಣಿಸಿದ, ಬೆಳಕು ಮಿಂಚಿತು, ಸಾಲು ಚದುರಿತು. ಜನ ಮಾತಾಡುತ್ತ ಹೊರಗೆ ನಡೆದರು. ಮೊಗಸಾಲೆ ಮೆಲ್ಲಗೆ ಖಾಲಿಯಾಯಿತು.

"ಇನ್ನೊಂದ್ಸಲ ಹೇಳು," ಎಂದಳು.

"ಏನನ್ನ?"

"ಈಗ ಹೇಳಿದ್ಯಲ್ಲ, ಅದನ್ನ. ಎಂಟು ವರ್ಷದಲ್ಲಿ ಯಾರೂ ಹೇಳಿಲ್ಲ ಆ ಮಾತು."

"ತಪ್ಪು ನನ್ನದು. ಬೇರೆ ಯಾರದೂ ಅಲ್ಲ. ನನ್ನ ಕೈಲಿತ್ತು, ನಾನು ಬಿಟ್ಟೆ."

ಅವಳು ಹೌದೆಂಬಂತೆ ತಲೆಯಾಡಿಸಿದಳು, ಒಮ್ಮೆ, ಆಮೇಲೆ ಇನ್ನೊಮ್ಮೆ. ತುಟಿ ಬಿಗಿಯಾಗಿತ್ತು. ಕೆಂಪು ಕೈಗಳು ಒಂದರ ಬೆರಳನ್ನೊಂದು ಹಿಡಿದುಕೊಂಡಿದ್ದವು. ಅವನು ಎದ್ದು ಹೋಗುವ ಹಾಗೂ ಇರಲಿಲ್ಲ, ಸಮಾಧಾನ ಹೇಳುವ ಹಾಗೂ ಇರಲಿಲ್ಲ.

"ಎಷ್ಟು ವರ್ಷ ಅಂತೆ ಇನ್ನು?"

"ಎರಡು. ಮೂರೂ ಆಗಬಹುದು."

"ನಾರ್ಮನ್‌ಗೆ ಎದೆನೋವು ಬಂದಿತ್ತು ಹೋದ ತಿಂಗಳು. ಹೆಲಿಕಾಪ್ಟರಲ್ಲಿ ಕರ್ಕೊಂಡು ಹೋಗಿದ್ರು."

"ಕೇಳಿದೆ."

"ಬದುಕಿ ಬಂದ. ಬಂದ ವಾರವೇ ಬಾಗಿಲಿಗೆ ಮೀನು ಬಂತು, ಯಾರ ಕೈಲಿ ಕಳಿಸಿದ್ನೋ." ಅವಳು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು. "ಅವನ ಹೆಂಡತಿ ಹೇಳ್ತಾಳೆ, ನಿದ್ದೇಲಿ ಮಾತಾಡ್ತಾನಂತೆ. ಏನಂತ ಅಂತ ಕೇಳಿದೆ. ಅವಳು ಹೇಳಲಿಲ್ಲ."

"ಎಲ್ಸಿ..."

"ಏನೂ ಹೇಳ್ಬೇಡ ಆಲೆಕ್. ನಿನ್ನ ಮೇಲೆ ಸಿಟ್ಟು ಬರುತ್ತೆ ನಂಗೆ. ನಾಳೆ ಬರುತ್ತೆ, ನಾಡಿದ್ದೂ ಬರುತ್ತೆ. ಅಂಗಡೀಲಿ ಸಿಕ್ಕಿದ್ರೆ ಮಾತಾಡ್ಸೋದಿಲ್ಲ, ಈಗಲೇ ಹೇಳಿರ್ತೀನಿ. ಇವತ್ತು ಮಾತ್ರ ಯಾಕೋ ಬರ್ತಿಲ್ಲ." ಅವಳು ಎದ್ದಳು. "ರೈಲು ಎಷ್ಟೊತ್ತಿಗೆ?"

ಅವರು ಕ್ಯಾನನ್‌ಗೇಟ್ ರಸ್ತೆಯ ಏರು ಹತ್ತಿ ನಡೆದರು. ಮಾರ್ಚಿನ ಗಾಳಿ ಎದುರಿನಿಂದ ಬೀಸುತ್ತಿತ್ತು. ಅವಳ ಚೀಲ ಅವನ ಕೈಯಲ್ಲಿತ್ತು. ಅವನ ಮಂಡಿ ನೋಡಿ ಅವಳು ನಡಿಗೆ ನಿಧಾನ ಮಾಡಿದಳು, ಹಾಗೆ ಮಾಡಿದೆನೆಂದು ತೋರಿಸಿಕೊಳ್ಳಲಿಲ್ಲ. ದಾರಿಯಲ್ಲಿ ಇಬ್ಬರೂ ಒಂದೇ ಒಂದು ಮಾತಾಡಿದರು. ಚಿಪ್ಸ್ ಅಂಗಡಿಯ ಮುಂದೆ ಅವನು, "ಏನಾದ್ರೂ ತಿಂತೀಯಾ?" ಎಂದ. "ನೀನು ತಿನ್ನು," ಎಂದಳು. ಇಬ್ಬರೂ ತಿನ್ನಲಿಲ್ಲ.

ನಿಲ್ದಾಣದಲ್ಲಿ ಅಬರ್ಡೀನ್ ರೈಲು ಆಗಲೇ ಬಂದು ನಿಂತಿತ್ತು. ಅವನು ಚೀಲವನ್ನು ಒಳಗಿಟ್ಟುಕೊಟ್ಟ. ಹಿಮ್ಮುಖ ಕೂತರೆ ತಲೆ ಸುತ್ತುತ್ತದೆಂದು ಅವಳು ರೈಲು ಹೋಗುವ ದಿಕ್ಕಿಗೆ ಮುಖ ಮಾಡುವ ಸೀಟು ಹುಡುಕಿ ಕೂತಳು. ಅವನು ಇಳಿದು ಕಿಟಕಿಯ ಹೊರಗೆ ನಿಂತ. ಆದರೆ ಆ ಸೀಟಿನಿಂದ ನೋಡಿದರೆ ಅವನು ಅವಳ ಬೆನ್ನ ಹಿಂದಾಗುತ್ತಿದ್ದ.

ಹೊರಡುವ ಹೊತ್ತು ಆರು ಮೂವತ್ತೈದು. ಆರು ನಲವತ್ತಾದರೂ ರೈಲು ಹೊರಡಲಿಲ್ಲ. ಮುಂದೆ ಎಲ್ಲೋ ಸಿಗ್ನಲ್ ಸಿಕ್ಕಿಲ್ಲವೆಂದು ಧ್ವನಿವರ್ಧಕದಲ್ಲಿ ಹೇಳಿದರು. ಬೀಳ್ಕೊಟ್ಟಾಗಿತ್ತು, ಮಾತು ಮುಗಿದಿತ್ತು. ಎಲ್ಸ್‌ಪೆತ್ ಕತ್ತು ಹೊರಳಿಸಿ ನೋಡಿದಳು. ಅವನು ನಿಂತೇ ಇದ್ದ. ಕೋಳಿ ಅಟ್ಟುವವಳ ಹಾಗೆ ಗಾಜಿನೊಳಗಿಂದ ಕೈ ಬೀಸಿ, ಹೋಗು, ಹೋಗು ಎಂದಳು. ಅವನು ಹೋಗಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತ.

ಅವಳು ಸ್ವಲ್ಪ ಹೊತ್ತು ಮುಂದೆ ನೋಡುತ್ತ ಕೂತಳು. ಆಮೇಲೆ ಎದ್ದಳು. ಚೀಲವನ್ನೆತ್ತಿಕೊಂಡು, ಸೀಟಿನ ಬೆನ್ನು ಹಿಡಿದುಕೊಂಡು ಈಚೆಗೆ ಬಂದು, ಎದುರಿನ ಹಿಮ್ಮುಖದ ಸೀಟಿನಲ್ಲಿ ಅವನ ಕಡೆಗೆ ಮುಖ ಮಾಡಿ ಕೂತಳು.